ಚೊಗರಿನ ಕೈಯೂ ಬಿಳಿಯ ಬಟ್ಟೆಯೂ

(ಪುಷ್ಯ ಮಾಸದ ಒಂದು ಮಧ್ಯಾಹ್ನ, ಶಿರಸಿ ಸಮೀಪದ ಮನೆಯೊಂದರ ಜಗಲಿಯಲ್ಲಿ, ಹೊಲಿಗೆ ಕಲಿಯುವವರ ಕೂಟದ ಎದುರು ಆಡಿದ ಮಾತುಗಳ ಬರಹ ರೂಪ.)

ಚಳಿಗಾಲದ ಬಿಡುವಿನಲ್ಲಿ ಮನೆಯ ಹೊಲಿಗೆ ಮತ್ತು ಇತರ ಹವ್ಯಾಸಗಳ ಕುರಿತು ಮಾತನಾಡಬೇಕೆಂದು ನನಗೆ ಹೇಳಿಕಳುಹಿಸಿದ್ದರು. ವಿಷಯ ಚೆನ್ನಾಗಿದೆ, ಆದರೆ ಅದರಲ್ಲಿರುವ ‘ಬಿಡುವು’ ಎಂಬ ಮಾತಿಗೆ ನನ್ನ ತಕರಾರಿದೆ. ಕಾರ್ತಿಕದಿಂದ ಮಾಘದವರೆಗೆ ಅಡಕೆ ಮನೆಯ ಹೆಂಗಸಿಗೆ ಬಿಡುವು ಎಂಬುದು ಎಲ್ಲಿದೆ? ಅಡಕೆ ಗೊನೆ ಇಳಿಸುವ ಕೊನೆಗೌಡ ಮರ ಹತ್ತಿದ ದಿನದಿಂದ ಅಂಗಳದ ಚಪ್ಪರದ ಮೇಲೆ ಅಡಕೆ ಒಣಗಿ ಚೀಲ ಸೇರುವವರೆಗೆ ಮನೆಯ ಪ್ರತಿ ಕೈಗೂ ಕೆಲಸವಿರುತ್ತದೆ. ಅಡಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವರು ಏಳುವಾಗ ರಾತ್ರಿ ಹತ್ತಾಗಿರುವುದೂ ಉಂಟು. ನಿಜವಾದ ಬಿಡುವು ನಮ್ಮ ಸೀಮೆಯಲ್ಲಿ ಸಿಗುವುದು ಆಷಾಢ ಶ್ರಾವಣದ ಮಳೆಯಲ್ಲಿ, ಹೊರಗೆ ಕಾಲಿಡಲಾಗದೆ ಬಚ್ಚಲ ಒಲೆಯ ಮುಂದೆ ಕುಳಿತಿರುವಾಗ. ಹಾಗಿದ್ದರೂ ನಮ್ಮ ಹಿರಿಯರು ಕೌದಿಯನ್ನೂ ಕುಪ್ಪಸವನ್ನೂ ದಿಂಬಿನ ಚೀಲವನ್ನೂ ಹೊಲಿಯಲು ಮಳೆಗಾಲವನ್ನು ಆರಿಸಿಕೊಳ್ಳಲಿಲ್ಲ, ಕೈತುಂಬ ಕೆಲಸವಿರುವ ಚಳಿಗಾಲವನ್ನೇ ಆರಿಸಿಕೊಂಡರು. ಅದೇಕೆ ಎಂಬುದೇ ಇಂದಿನ ನನ್ನ ಮಾತು. ಮೊದಲೇ ಹೇಳಿಬಿಡುವುದಾದರೆ, ನಮ್ಮಲ್ಲಿ ಹೊಲಿಗೆಯ ಕಾಲವನ್ನು ಗೊತ್ತುಮಾಡುವುದು ಹೊಲಿಯುವವಳ ಪುರುಸೊತ್ತಲ್ಲ, ಹವೆ.

ಬಟ್ಟೆಯಿಂದಲೇ ಆರಂಭಿಸೋಣ. ಹತ್ತಿಯ ನೂಲು ಗಾಳಿಯಲ್ಲಿರುವ ತೇವವನ್ನು ಸದಾ ಹೀರಿಕೊಳ್ಳುತ್ತ, ಬಿಡುತ್ತ ಇರುತ್ತದೆ. ಗಾಳಿಯ ಆರ್ದ್ರತೆ ಶೇ. 65ರ ಹೊತ್ತಿಗೆ ಅದು ತನ್ನ ಒಣತೂಕದ ಶೇ. 8ರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಗಾಳಿಯೇ ನೀರಾಗಿರುವ ನಮ್ಮ ಜುಲೈ ತಿಂಗಳಿನಲ್ಲಿ ಈ ಪ್ರಮಾಣ ಸುಮಾರು ಎರಡು ಪಟ್ಟಾಗುತ್ತದೆ. ಮುಟ್ಟಿದರೆ ಒದ್ದೆ ಎನ್ನಿಸದಿದ್ದರೂ ಅಂಥ ಬಟ್ಟೆ ಜೋಲುಬೀಳುತ್ತದೆ, ಅದರ ಮೇಲೆ ಸೀಮೆಸುಣ್ಣದ ಗೆರೆ ಸರಿಯಾಗಿ ಮೂಡುವುದಿಲ್ಲ, ಕತ್ತರಿ ಬಾಯಿ ಹಾಕಿದಲ್ಲಿ ಅಂಚು ಅತ್ತಿತ್ತ ಸರಿಯುತ್ತದೆ. ಇನ್ನು ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ, ಗಂಜಿ ಬಿಡಿಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟು ಒಣಗಿಸಬೇಕೆಂಬುದು ನಿಮಗೆಲ್ಲ ಗೊತ್ತಿರುವ ಪಾಠ. ಮಳೆಗಾಲದಲ್ಲಿ ಈ ಪಾಠವನ್ನು ಪಾಲಿಸಲು ಹೊರಟರೆ, ನೆನೆಸಿದ ಬಟ್ಟೆ ಒಲೆಯ ಮೇಲಿನ ಬಿದಿರ ಗಳುವಿನಲ್ಲಿ ನಾಲ್ಕು ದಿನ ನೇತಾಡಿ, ಹೊಗೆಯ ವಾಸನೆಯನ್ನೂ ಬೂಸಲಿನ ಕರಿ ಚುಕ್ಕೆಗಳನ್ನೂ ಹೊತ್ತುಕೊಂಡು ಕೆಳಗಿಳಿಯುತ್ತದೆ. ಅದೇ ಬಟ್ಟೆಯನ್ನು ಮಾರ್ಗಶಿರದಲ್ಲಿ ಬೆಳಿಗ್ಗೆ ಹತ್ತಕ್ಕೆ ಹರವಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿ ಒಣಗಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಎಂದು ಬೇಕೆಂದೇ ಹೇಳಿದೆ. ಘಟ್ಟದ ಮೇಲಿನ ಇಬ್ಬನಿ ಆರುವ ಮೊದಲು ಬಟ್ಟೆ ಹರವುವುದು ಅದನ್ನು ಮತ್ತೊಮ್ಮೆ ನೀರಿನಲ್ಲಿ ಅದ್ದಿದ ಹಾಗೆಯೇ.

ಬೆಳಕೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಹಗಲು ಸುಮಾರು ಹನ್ನೊಂದೂಕಾಲು ಗಂಟೆ ಮಾತ್ರ, ಜೂನ್ ಕೊನೆಯಲ್ಲಿ ಅದು ಹದಿಮೂರು ಗಂಟೆಯ ಹತ್ತಿರ ಹೋಗುತ್ತದೆ. ಹಾಗೆಂದು ಸೂಜಿಗೆ ದಾರ ಪೋಣಿಸಲು ಜೂನ್ ಅನುಕೂಲವೇ ಎಂದರೆ ಅಲ್ಲ, ಏಕೆಂದರೆ ಆ ಹದಿಮೂರು ಗಂಟೆಯೂ ಮೋಡದ ಮಬ್ಬು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಮಧ್ಯಾಹ್ನವೂ ನೆತ್ತಿಯ ಮೇಲೆ ಬರದೆ ಓರೆಯಾಗಿಯೇ ಉಳಿಯುವುದರಿಂದ, ದಕ್ಷಿಣಕ್ಕೆ ತೆರೆದ ಜಗಲಿಯೊಳಗೆ ಬಿಸಿಲು ಮಾಡಿನ ಕೆಳಗಿನಿಂದ ನುಸುಳಿ ಒಳಗೋಡೆಯ ತನಕ ಬರುತ್ತದೆ. ಉದ್ದ ಮಾಡು ಇಳಿಬಿಟ್ಟ ಮಲೆನಾಡಿನ ಮನೆಗಳ ಒಳಗೆ ವರ್ಷದ ಬೇರಾವ ಕಾಲದಲ್ಲೂ ಇಷ್ಟು ಬೆಳಕು ಇರುವುದಿಲ್ಲ. ನಾವೀಗ ಕುಳಿತಿರುವ ಈ ಜಾಗವನ್ನೇ ನೋಡಿ.

ಇನ್ನು ಯಂತ್ರದ ಮಾತು. ನಮ್ಮ ಆಯಿಯ, ಅಂದರೆ ತಾಯಿಯ ಬಳಿ ಕೈಯಿಂದ ಚಕ್ರ ತಿರುಗಿಸುವ ಹೊಲಿಗೆ ಯಂತ್ರವಿತ್ತು. ಬಲಗೈ ಚಕ್ರಕ್ಕೆ ಹೋದರೆ ಬಟ್ಟೆ ನಡೆಸಲು ಎಡಗೈ ಒಂದೇ ಉಳಿಯುತ್ತಿತ್ತು. ಮುಂದೆ ಕಾಲಿನಿಂದ ತುಳಿಯುವ ಯಂತ್ರ ಬಂದ ಮೇಲೆ ಎರಡೂ ಕೈ ಬಿಡುಗಡೆಯಾದುದನ್ನು ಅವಳು ತನ್ನ ಬದುಕಿನ ದೊಡ್ಡ ಸಂಗತಿಗಳ ಸಾಲಿನಲ್ಲಿ ಎಣಿಸುತ್ತಿದ್ದಳು. ಯಂತ್ರಗಳ ಬಗ್ಗೆ ಅಷ್ಟೆಲ್ಲ ಆಕ್ಷೇಪವಿದ್ದ ಗಾಂಧೀಜಿಯವರು ಕೂಡ 1924ರ ಒಂದು ಮಾತುಕತೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ಕಂಡು ಮರುಗಿದ ಗಂಡನೊಬ್ಬ ಮಾಡಿದ ಯಂತ್ರವೆಂಬುದು ಅವರು ಕೊಟ್ಟ ಕಾರಣ. ಸಿಂಗರ್ ಸಾಹೇಬರ ಸಂಸಾರದ ಸಂಗತಿ ಅಷ್ಟು ಮಧುರವಾಗಿರಲಿಲ್ಲ ಎಂದು ಚರಿತ್ರೆ ಬಲ್ಲವರು ಹೇಳುತ್ತಾರೆ, ಅದು ಇರಲಿ. ಆಯಿಗೆ ಈ ಕಥೆ ಹೇಳಿದಾಗ ಅವಳು ನಕ್ಕಳೇ ಹೊರತು ಏನೂ ಹೇಳಲಿಲ್ಲ.

ಆ ಯಂತ್ರ ಚಳಿಗಾಲದ ಬೆಳಗಿನಲ್ಲಿ ಮೊಂಡುಹಿಡಿಯುತ್ತಿತ್ತು. ಮಧ್ಯಾಹ್ನ ಸರಾಗವಾಗಿ ಓಡುತ್ತಿದ್ದ ಚಕ್ರ ಬೆಳಿಗ್ಗೆ ಏಳಕ್ಕೆ ಕೂತರೆ ಬೀಸುವ ಕಲ್ಲಿನಷ್ಟು ಭಾರ. ಹುಡುಗಿಯಾಗಿದ್ದ ನಾನು ಯಂತ್ರಕ್ಕೂ ಚಳಿ ಹಿಡಿಯುತ್ತದೆ ಎಂದೇ ನಂಬಿದ್ದೆ, ಮತ್ತು ನನ್ನ ನಂಬಿಕೆ ಪೂರ್ತಿ ಸುಳ್ಳೂ ಆಗಿರಲಿಲ್ಲ. ಮನೆಯಲ್ಲಿ ಎಲ್ಲದಕ್ಕೂ ಇದ್ದದ್ದು ಒಂದೇ ಎಣ್ಣೆ, ತೆಂಗಿನೆಣ್ಣೆ. ತಲೆಗೂ ಅದೇ, ಒಗ್ಗರಣೆಗೂ ಅದೇ, ಹೊಲಿಗೆ ಯಂತ್ರಕ್ಕೂ ಅದೇ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ, ಶಿರಸಿಯ ಧನುರ್ಮಾಸದ ಬೆಳಗು ಅದಕ್ಕಿಂತ ಎಷ್ಟೋ ತಣ್ಣಗೆ. ಅಂದರೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆಯೇ ಕೆಳಗಿನ ದಾರ ಹಿಡಿದಿರುವ ಶಟಲ್‌ನ ಸಂದುಗಳಲ್ಲೂ ಹೆಪ್ಪುಗಟ್ಟಿರುತ್ತಿತ್ತು. ಸಾಲದ್ದಕ್ಕೆ ಅಡುಗೆಯ ಎಣ್ಣೆಗಳು ಗಾಳಿ ತಗುಲಿ ಕಾಲಕ್ರಮದಲ್ಲಿ ಅಂಟಾಗುತ್ತವೆ, ಬಟ್ಟೆಯ ನವಿರು ಜುಂಗು ಆ ಅಂಟಿಗೆ ಸೇರಿ ಬಟ್ಟೆಯನ್ನು ಮುಂದೂಡುವ ಹಲ್ಲುಗಳ ಅಡಿಯಲ್ಲಿ ಕಂಬಳಿಯಂತೆ ಒತ್ತಿಕೊಳ್ಳುತ್ತದೆ. ಯಂತ್ರಕ್ಕೆಂದೇ ಸಿಗುವ ತಿಳಿಯಾದ ಖನಿಜ ಎಣ್ಣೆಯನ್ನು ಮಾತ್ರ ಬಳಸಿ. ಹಳೆಯ ಅಂಟಿದ್ದರೆ ಸೀಮೆಎಣ್ಣೆಯ ಎರಡು ಹನಿಯಿಂದ ಕರಗಿಸಿ, ಒರೆಸಿ, ಆಮೇಲೆ ಹೊಸ ಎಣ್ಣೆ ಬಿಡಿ. ಬಿಟ್ಟ ಮೇಲೆ ಬೇಡದ ಬಟ್ಟೆಯ ಮೇಲೆ ಒಂದು ಗಜ ಖಾಲಿ ಹೊಲಿಗೆ ಓಡಿಸದೆ ಒಳ್ಳೆಯ ಬಟ್ಟೆಗೆ ಕೈಹಾಕಬೇಡಿ.

ಮದುವೆಯಾದ ಮೇಲೆ ಇಪ್ಪತ್ತು ವರ್ಷ ನಾನು ಕಾರವಾರದಲ್ಲಿದ್ದೆ. ಅಲ್ಲಿ ಚಳಿ ಇಲ್ಲಿಯಷ್ಟಿಲ್ಲ, ಆದರೆ ಕಡಲ ಗಾಳಿಯಲ್ಲಿ ಉಪ್ಪಿದೆ. ಉಪ್ಪು ಲೋಹದ ಮೇಲೆ ಕೂತು ತೇವವನ್ನು ಎಳೆದುಕೊಳ್ಳುತ್ತದೆ. ಮಳೆ ನಿಂತು ತಿಂಗಳಾದರೂ ಸೂಜಿಯ ಕಣ್ಣಿನಲ್ಲಿ ಕೆಂಪು ತುಕ್ಕು ಕಾಣುತ್ತದೆ. ತುಕ್ಕು ಹಿಡಿದ ಸೂಜಿ ದಾರವನ್ನು ಕತ್ತರಿಸುತ್ತದೆ, ಇಲ್ಲವೇ ಪ್ರತಿ ಹೊಲಿಗೆಗೂ ಒಂದೊಂದು ಕಂದು ಚುಕ್ಕೆ ಬಿಟ್ಟು ಹೋಗುತ್ತದೆ. ಅಲ್ಲಿನ ನೆರೆಮನೆಯ ಕೊಂಕಣಿ ಬಾಯಿಯೊಬ್ಬರು ಸೂಜಿಗಳನ್ನು ಎಣ್ಣೆ ಸವರಿದ ಉಲ್ಲನ್ ಚೂರಿಗೆ ಚುಚ್ಚಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹುರಿದ ಅಕ್ಕಿಯ ಜೊತೆ ಇಡುತ್ತಿದ್ದರು. ಬಿಸಿಯಾಗಿ ಹುರಿದ ಅಕ್ಕಿ ಡಬ್ಬಿಯೊಳಗಿನ ತೇವವನ್ನು ಹೀರುತ್ತದೆ, ತಿಂಗಳಿಗೊಮ್ಮೆ ಮತ್ತೆ ಹುರಿದರಾಯಿತು.

ಕರಾವಳಿಯ ವಿಷಯ ಬಂದದ್ದರಿಂದ ಒಂದು ವ್ಯತ್ಯಾಸವನ್ನು ಹೇಳಬೇಕು. ಅಲ್ಲಿ ಕೈಗೆಲಸದ ಪಂಚಾಂಗವೇ ಬೇರೆ. ಮೀನುಗಾರರ ಮನೆಗಳಲ್ಲಿ ಬಲೆ ಹೆಣೆಯುವ, ಹರಿದ ಕಣ್ಣುಗಳನ್ನು ಮತ್ತೆ ಕಟ್ಟುವ ಕೆಲಸ ಹೆಚ್ಚು ನಡೆಯುವುದು ಮಳೆಗಾಲದಲ್ಲಿ. ಈಗಲೂ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್ ಇರುವುದರಿಂದ ಆ ಪಂಚಾಂಗ ಬದಲಾಗಿಲ್ಲ. ಹಾಗಾದರೆ ತೇವ ಬಲೆಗೆ ಶತ್ರುವಲ್ಲವೇ ಎಂದು ನೀವು ಕೇಳಬಹುದು. ನೈಲಾನ್ ಬಂದ ಮೇಲೆ ಅಲ್ಲ, ಅದು ಕೊಳೆಯುವುದಿಲ್ಲ. ಹತ್ತಿ ನೂಲಿನ ಬಲೆಗಳ ಕಾಲದಲ್ಲಿ ಮರದ ತೊಗಟೆಯ ಕಷಾಯದಲ್ಲಿ ಬಲೆಯನ್ನು ಅದ್ದಿ ಒಣಗಿಸುತ್ತಿದ್ದರು. ತೊಗಟೆಯ ಒಗರು ನೂಲಿಗೆ ಹಿಡಿದು ಕೊಳೆಯುವಿಕೆಯನ್ನು ತಡೆಯುತ್ತಿತ್ತು. ಈ ಒಗರು ನಮಗೆ ಘಟ್ಟದ ಮೇಲಿನವರಿಗೆ ಹೊಸದಲ್ಲ, ಅದೇ ಅಡಕೆಯಿಂದ ಒಸರುವ ನಮ್ಮ ಚೊಗರು.

ಚೊಗರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೊಲಿಗೆಯ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಹಸಿ ಅಡಕೆ ಸುಲಿದ ಕೈ ಮೊದಲು ಹಳದಿ, ಆಮೇಲೆ ಕಂದು, ಎರಡು ದಿನದಲ್ಲಿ ಕಪ್ಪು. ಈ ಕೈಯಿಂದ ಬಿಳಿಯ ಪಾಪ್ಲಿನ್ ಮುಟ್ಟಿದರೆ ಆ ದಿನ ಏನೂ ಕಾಣುವುದಿಲ್ಲ. ತೊಳೆದು ಒಣಗಿಸಿದ ಮೇಲೆ ಬೆರಳಿನ ಗುರುತು ಒಂದೊಂದಾಗಿ ಮೇಲೆ ಬರುತ್ತದೆ. “ಅಡ್ಕೆ ಸುಲದ ಕೈಲಿ ಬಿಳೀ ವಸ್ತ್ರ ಮುಟ್ಟಡ ಕೂಸೇ” ಎಂದು ಆಯಿ ನೂರು ಸಲ ಹೇಳಿದ್ದಳು. ನೂರಾ ಒಂದನೆಯ ಸಲ ನಾನು ಮುಟ್ಟಿದೆ, ಅದೂ ಅಪ್ಪಯ್ಯನಿಗೆ ಹೊಲಿಯುತ್ತಿದ್ದ ಅಂಗಿಯ ಕೊರಳಪಟ್ಟಿಯನ್ನು. ಗಾಬರಿಯಲ್ಲಿ ಸೋಪು ಹಾಕಿ ಉಜ್ಜಿದೆ; ಕಲೆ ಇನ್ನಷ್ಟು ಕಪ್ಪಾಯಿತು. ಒಗರಿನ ಕಲೆಗೆ ಕ್ಷಾರ ತಾಗಿದರೆ ಅದು ಕಪ್ಪಾಗುತ್ತದೆ, ಸೋಪಿನಲ್ಲಿರುವುದು ಕ್ಷಾರ. ಕಬ್ಬಿಣ ತಾಗಿದರೆ ಕೇಳುವುದೇ ಬೇಡ, ಒಗರು ಮತ್ತು ಕಬ್ಬಿಣ ಸೇರಿದರೆ ಆಗುವುದು ಮಸಿ. ಹಿಂದಿನವರು ಬರೆಯಲು ಶಾಯಿ ಮಾಡುತ್ತಿದ್ದದ್ದೇ ಈ ಎರಡರಿಂದ. ತುಕ್ಕು ಸೂಜಿಯೂ ಚೊಗರಿನ ಬೆರಳೂ ಒಂದೇ ಬಟ್ಟೆಯ ಮೇಲೆ ಸೇರಿದರೆ ನಾವು ಹೊಲಿಯುತ್ತಿಲ್ಲ, ಬರೆಯುತ್ತಿದ್ದೇವೆ ಎಂದೇ ಅರ್ಥ. ಕಲೆ ಹಸಿಯಿರುವಾಗಲೇ ಬರಿಯ ತಣ್ಣೀರಿನಲ್ಲಿ ಹಿಂಡಿ, ನಿಂಬೆರಸ ಹಚ್ಚಿ, ಬಿಸಿಲಿಗೆ ಹಿಡಿದು, ಮತ್ತೆ ತೊಳೆದು, ಆಮೇಲೆ ಸೋಪು; ಈ ಕ್ರಮ ತಪ್ಪಿದರೆ ಮುಗಿಯಿತು.

ಹೀಗಾಗಿ ಅಡಕೆ ಮನೆಗಳಲ್ಲಿ ಚಳಿಗಾಲದ ಹೊಲಿಗೆಗೆ ಒಂದು ಒಳಕ್ರಮ ತಾನಾಗಿ ಬಂದಿದೆ. ಸುಲಿಯುವ ದಿನಗಳಲ್ಲಿ ಗಾಢ ಬಣ್ಣದ ಬಟ್ಟೆ, ಹಳೆಯ ಸೀರೆಯ ಕೌದಿ, ಗೋಣಿ ಹೊಲಿಯುವ ದಬ್ಬಣದ ಕೆಲಸ; ಕೊಯ್ಲಿನ ಎರಡು ಸುತ್ತುಗಳ ನಡುವೆ ಕೈ ಬೆಳ್ಳಗಾದ ವಾರದಲ್ಲಿ ಮಾತ್ರ ಪಂಚೆಯ ಅಂಚು, ಮಗುವಿನ ಅಂಗಿ, ದೇವರ ಮನೆಯ ಬಟ್ಟೆ. ಚೊಗರನ್ನು ಶತ್ರುವಾಗಿಯೇ ನೋಡಬೇಕಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೆಂಪಡಕೆ ಬೇಯಿಸಿ ಉಳಿದ ಚೊಗರಿನಲ್ಲಿ ನೂಲಿಗೆ ಬಣ್ಣ ಕಟ್ಟುವ ಕೆಲಸವನ್ನು ನೆರೆಯ ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯ ಹೆಣ್ಣುಮಕ್ಕಳು ವರ್ಷಗಳಿಂದ ಮಾಡುತ್ತಿದ್ದಾರೆ. ಮನೆಯಲ್ಲಿಯೂ ಮಾಡಬಹುದು, ಹಳೆಯ ಬಿಳಿ ಪಂಚೆಯ ತುಂಡನ್ನು ಚೊಗರಿನಲ್ಲಿ ಕುದಿಸಿ ಪಟಿಕದ (ಆಲಂ) ನೀರಿನಲ್ಲಿ ಅದ್ದಿದರೆ ಕೆಂಗಂದು ಬಣ್ಣ ನಿಲ್ಲುತ್ತದೆ. ಹಂಡೆ ತಾಮ್ರದ್ದೋ ಕಬ್ಬಿಣದ್ದೋ ಎಂಬುದರ ಮೇಲೆ ಬಣ್ಣ ಬದಲಾಗುತ್ತದೆಂಬುದನ್ನು ಈಗಾಗಲೇ ಊಹಿಸಿರುತ್ತೀರಿ.

ಕೌದಿಗೆ ಬರೋಣ. ನಮ್ಮ ಮನೆಗಳ ಕೌದಿ ಸರಳ: ಸವೆದ ಹತ್ತಿ ಸೀರೆಗಳನ್ನು ನಾಲ್ಕೈದು ಪದರ ಹಾಸಿ, ಅಂಚು ಮಡಚಿ, ಉದ್ದಕ್ಕೆ ಸಾಲು ಸಾಲಾಗಿ ದಾರ ಎಳೆದದ್ದು. ಕಲಾತ್ಮಕತೆಯ ದೃಷ್ಟಿಯಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೌದಿಯ ಹಿರಿಮೆ ಇರುವುದು ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೈಯಲ್ಲಿ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ, ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ, ಕೌದಿ ಮಾತ್ರ ಮೂವರಿಗೂ ಒಂದೇ. ಒಬ್ಬರ ಕೌದಿಯ ನಡುವೆ ಶಿಲುಬೆ, ಇನ್ನೊಬ್ಬರದರಲ್ಲಿ ಅರ್ಧಚಂದ್ರ ಕಾಣಬಹುದು, ಅಷ್ಟೇ. ಅವರು ಚೌಕಟ್ಟು ಬಳಸುವುದಿಲ್ಲ, ಮೊದಲೇ ವಿನ್ಯಾಸ ಬರೆದುಕೊಳ್ಳುವುದೂ ಇಲ್ಲ. ನೆಲದ ಮೇಲೆ ಸೀರೆ ಹಾಸಿ, ಒಂದು ಮೂಲೆಯಿಂದ ಹೊರಟು, ಅಂಚಿನುದ್ದಕ್ಕೂ ಬಣ್ಣದ ತುಂಡುಗಳನ್ನು ಮಡಚಿ ಇಟ್ಟು ಹೊಲಿಯುತ್ತ, ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ಕೊನೆಯ ತುಂಡು ನಟ್ಟನಡುವೆ ಕೂರುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಕೂರಿಸುವ ‘ಫೂಲ’ ಇಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಬತ್ತಲೆ.

ನಾವು ಮೇಜಿನ ಮೇಲೆ ನಡುವಿನಿಂದ ಹೊರಕ್ಕೆ ಹೊಲಿಯಲು ಕಲಿತವರು, ಪದರಗಳ ನಡುವೆ ಸುಕ್ಕು ಉಳಿಯಬಾರದೆಂಬ ಭಯದಿಂದ. ಹೊರಗಿನಿಂದ ಒಳಕ್ಕೆ ಬರುವ ಸಿದ್ದಿ ಕ್ರಮದಲ್ಲಿ ಆ ಸುಕ್ಕು ಏಕೆ ಬೀಳುವುದಿಲ್ಲ ಎಂದು ನನಗೆ ಬಹುಕಾಲ ಅರ್ಥವಾಗಿರಲಿಲ್ಲ. ಕೈಯಿಂದ ಮಾಡಿ ನೋಡಿದಾಗ ತಿಳಿದದ್ದು ಇಷ್ಟು: ಮೇಲಿನ ಪದರ ಒಂದೇ ಅಖಂಡ ಬಟ್ಟೆಯಲ್ಲ, ಹೊಲಿದಂತೆ ಹೊಲಿದಂತೆ ಸೇರುವ ತುಂಡುಗಳು, ಹೆಚ್ಚಾದದ್ದನ್ನು ಪ್ರತಿ ತುಂಡಿನ ಮಡಿಕೆಯೊಳಗೆ ಅಲ್ಲಲ್ಲಿಯೇ ಸರಿಹೊಂದಿಸಿಬಿಡಬಹುದು. ಸಾಲುಗಳ ನಡುವೆ ಒಂದು ಬೆರಳಿನ ಅಂತರ ಇರಬೇಕೆಂಬುದಕ್ಕೂ ಕಾರಣವಿದೆ. ಕೌದಿ ಬೆಚ್ಚಗಿಡುವುದು ಬಟ್ಟೆಯಿಂದಲ್ಲ, ಪದರಗಳ ನಡುವೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿಯಿಂದ. ತೀರ ಒತ್ತೊತ್ತಾಗಿ ಹೊಲಿದರೆ ಗಾಳಿಗೆ ಜಾಗವಿಲ್ಲ, ತೀರ ವಿರಳವಾದರೆ ಪದರಗಳು ಜಾರಿ ಒಂದು ಕಡೆ ಗಂಟಾಗುತ್ತವೆ. ಯಂತ್ರದಲ್ಲಿ ಹೊಲಿದ ಕೌದಿ ನೋಡಲು ಅಂದ. ಆದರೆ ಯಂತ್ರದ ಬಿಗಿ ಪದರಗಳನ್ನು ಚಪ್ಪಟೆ ಮಾಡುತ್ತದೆ ಎಂಬುದು ನನ್ನ ಅನುಭವ. ಕೌದಿಯ ಮಟ್ಟಿಗೆ ನಾನು ಕೈಹೊಲಿಗೆಯ ಪಕ್ಷ.

ಹೊಲಿದದ್ದು ಚಳಿಗಾಲದಲ್ಲಾದರೂ ಕೌದಿಯ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ. ಉಣ್ಣೆಯ ಕಂಬಳಿ ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವ ಹೀರಿಯೂ ಒದ್ದೆಯೆನಿಸುವುದಿಲ್ಲ. ಹತ್ತಿಯ ಕೌದಿಗೆ ಆ ಗುಣವಿಲ್ಲ, ಅದು ಬೇಗ ತಣ್ಣಗಾಗುತ್ತದೆ, ಮುಗ್ಗುಲು ವಾಸನೆ ಹಿಡಿಯುತ್ತದೆ. ಅದಕ್ಕಾಗಿಯೇ ಹಿರಿಯರು ಕೌದಿ ಹೊಲಿಯಲು ಒಣಹವೆಗೆ ಕಾಯುತ್ತಿದ್ದದ್ದು. ಪದರಗಳ ನಡುವೆ ತೇವವನ್ನು ಸೇರಿಸಿ ಹೊಲಿದುಬಿಟ್ಟರೆ ಅದು ಒಳಗೇ ಉಳಿದು, ಜೂನ್ ಬರುವ ಮೊದಲೇ ಬೂಸಲಿನ ಬೀಜ ಬಿತ್ತಿದಂತಾಗುತ್ತದೆ. ಹೊಲಿದ ಮೇಲೆ ಫೆಬ್ರುವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಬಿಸಿಲು ತೋರಿಸಿ, ಮಡಿಕೆಗಳ ನಡುವೆ ಒಣಗಿದ ಲಕ್ಕಿ ಸೊಪ್ಪು ಇಟ್ಟು ಪೆಟ್ಟಿಗೆ ಸೇರಿಸಬೇಕು.

ಒಣಹವೆಯಿಂದ ಬರುವ ತೊಂದರೆಗಳನ್ನೂ ಮುಚ್ಚಿಡುವುದಿಲ್ಲ. ಪಾಲಿಯೆಸ್ಟರ್ ಬಟ್ಟೆ ಜನವರಿಯಲ್ಲಿ ಕೈಗೂ ಯಂತ್ರದ ಪಾದಕ್ಕೂ ಅಂಟಿಕೊಳ್ಳುತ್ತದೆ. ಪಕ್ಕದಲ್ಲಿ ಒದ್ದೆ ಟವೆಲ್ ಇಟ್ಟುಕೊಂಡು ಆಗಾಗ ಕೈ ಒರೆಸಿಕೊಂಡರೆ ಸುಧಾರಿಸುತ್ತದೆ. ಚಳಿಗೆ ಒಡೆದ ಬೆರಳ ತುದಿ ರೇಷ್ಮೆಯ ಎಳೆಯನ್ನು ಹಿಡಿದು ಎಳೆಯುತ್ತದೆ. ಕಸೂತಿ ಹಾಕುವವರಿಗೆ ಇದು ನಿತ್ಯದ ಕಿರಿಕಿರಿ, ಏಕೆಂದರೆ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಧಾರವಾಡ ಕಡೆಯ ಆ ನಾಲ್ಕೂ ಹೊಲಿಗೆಗಳಲ್ಲಿ ಬಟ್ಟೆಯ ಎಳೆಗಳನ್ನು ಲೆಕ್ಕ ಮಾಡಿಯೇ ಸೂಜಿ ಹಾಕಬೇಕು, ಒಂದು ಎಳೆ ಕಿತ್ತು ಬಂದರೆ ಹೊಲಿದ ಗೋಪುರದ ಚಿತ್ರವೇ ವಾಲುತ್ತದೆ. ರಾತ್ರಿ ತುಪ್ಪ ಸವರಿ, ಬೆಳಿಗ್ಗೆ ಸಕ್ಕರೆಯಿಂದ ಬೆರಳು ಉಜ್ಜಿ ಕಡಲೆಹಿಟ್ಟಿನಲ್ಲಿ ತೊಳೆದುಕೊಳ್ಳಿ. ಉಳಿದ ಕೈಗೆಲಸಗಳಿಗೆ, ಅಂದರೆ ಕ್ರೋಶಾದ ಚಟಾಯಿ, ಮಣಿಯ ತೋರಣ, ವೈರಿನ ಬುಟ್ಟಿ ಇವುಗಳಿಗೆ, ಹವೆಯ ಹಂಗಿಲ್ಲ. ಅವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ ಎಂದಷ್ಟೇ ಹೇಳುತ್ತೇನೆ.

ದೀವರ ಸಮುದಾಯದ ಮನೆಗಳ ಚಿತ್ತಾರದ ಬುಟ್ಟಿಯನ್ನು ಮಾತ್ರ ಹೀಗೆ ದಾಟಿಹೋಗಲಾರೆ. ಆಶ್ವಯುಜದ ಭೂಮಿ ಹುಣ್ಣಿಮೆಗೆಂದು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆಯುವ ಗೆರೆಗಳು ಒಣಗಬೇಕಾದರೆ ಮಳೆ ಹಿಂದೆಗೆದಿರಲೇಬೇಕು. ನನ್ನ ಲೆಕ್ಕದಲ್ಲಿ ನಮ್ಮ ಸೀಮೆಯ ಕೈಗೆಲಸದ ವರ್ಷ ಆರಂಭವಾಗುವುದು ಆ ಬುಟ್ಟಿಯಿಂದ. ಮುಗಿಯುವುದು, ಎರಡು ವರ್ಷಕ್ಕೊಮ್ಮೆಯಾದರೂ, ಶಿರಸಿಯ ಮಾರಿಕಾಂಬೆಯ ಜಾತ್ರೆಗೆ. ಉಡಿ ತುಂಬಲು ಖಣ, ಮನೆಗೆ ಬರುವ ನೆಂಟರ ಹೆಣ್ಣುಮಕ್ಕಳಿಗೆ ಕುಪ್ಪಸ, ಮಕ್ಕಳಿಗೆ ಹೊಸ ಲಂಗ. ಜಾತ್ರೆಯ ವರ್ಷ ಪೇಟೆಯ ಟೇಲರ್‌ಗಳು ತಿಂಗಳ ಮೊದಲೇ ಕೈ ಅಲ್ಲಾಡಿಸಿಬಿಡುತ್ತಾರೆ. ಮನೆಯಲ್ಲಿ ಯಂತ್ರ ಇದ್ದವಳ ಬೆಲೆ ನೆರೆಹೊರೆಗೆ ತಿಳಿಯುವುದು ಆಗ.

ನೀವೆಲ್ಲ ತಂದಿರುವ ಹಳೆಯ ಸೀರೆಗಳನ್ನು ಒಳಗೆ ಗಂಟುಕಟ್ಟಿ ಇಟ್ಟಿರುವುದನ್ನು ನೋಡಿದೆ. ಈಗ ಮೂರು ಗಂಟೆ. ಈ ಜಗಲಿಯ ಬಿಸಿಲು ಐದರವರೆಗೆ ಇರುತ್ತದೆ, ಅಷ್ಟರಲ್ಲಿ ಅವುಗಳ ಪೆಟ್ಟಿಗೆಯ ತೇವ ಆರಬೇಕು. ಬಿಳಿಯವನ್ನು ಮುಟ್ಟುವ ಮೊದಲು ಕೈ ತೋರಿಸಿ. ಇವತ್ತು ಬೆಳಿಗ್ಗೆ ಅಡಕೆ ಸುಲಿದವರು ಹಸಿರು, ನೀಲಿ ಸೀರೆಗಳನ್ನು ಹರವಲಿ.